ಬಿಸಿಯೂಟದ ಬಕೆಟ್ಟಿನಿಂದ ಹವಾಮಾನದ ಪಾಠ: ಬೋಧನಾಭ್ಯಾಸಕ್ಕೆ ಕೆಲವು ಟಿಪ್ಪಣಿಗಳು

ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆ ಪುಸ್ತಕಗಳನ್ನು ನೋಡುವಾಗ ಈಚಿನ ವರ್ಷಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತಿದೆ: ಆಹಾರವನ್ನು ವ್ಯರ್ಥ ಮಾಡಬಾರದು. ವಿಜ್ಞಾನ ಬೋಧನಾ ವಿಧಾನದವರು ಅದನ್ನು ಹವಾಮಾನ ಬದಲಾವಣೆಗೆ ಜೋಡಿಸುತ್ತಾರೆ, ಸಮಾಜ ವಿಜ್ಞಾನದವರು ಹಸಿವಿಗೆ, ಕನ್ನಡದವರು ಪ್ರಬಂಧಕ್ಕೆ. ಪಾಠದ ರೂಪ ಮಾತ್ರ ಹೆಚ್ಚುಕಡಿಮೆ ಒಂದೇ. ಅನ್ನ ಚೆಲ್ಲಿದ ತಟ್ಟೆಯ ಚಿತ್ರ, ಪಕ್ಕದಲ್ಲಿ ಬಡಕಲು ಮಗುವಿನ ಚಿತ್ರ, ಅನ್ನ ದೇವರು ಎಂಬ ಮಾತು, ಒಂದೆರಡು ಅಂಕಿಅಂಶ, ಕೊನೆಗೆ ಎಲ್ಲರೂ ಎದ್ದು ನಿಂತು ಪ್ರತಿಜ್ಞೆ. ನಲವತ್ತು ನಿಮಿಷ ಮುಗಿಯುತ್ತದೆ. ಅದೇ ಮಕ್ಕಳು ಊಟಕ್ಕೆ ಸಾಲು ನಿಲ್ಲುತ್ತಾರೆ. ಊಟವಾದ ಮೇಲೆ ನಲ್ಲಿಯ ಪಕ್ಕದ ಬಕೆಟ್ಟಿನಲ್ಲಿ ಎಂದಿನಷ್ಟೇ ಅನ್ನ ಬಿದ್ದಿರುತ್ತದೆ. ಆ ಬಕೆಟ್ಟಿಗೆ ಪಾಠ ಯೋಜನೆಯಲ್ಲಿ ಜಾಗವಿಲ್ಲ. ಪಾಠ ವೀಕ್ಷಣೆಯ ನಮೂನೆಯಲ್ಲೂ ಅದಕ್ಕೊಂದು ಅಂಕಣವಿಲ್ಲ.

ಈ ಪಾಠವನ್ನು ಆ ಬಕೆಟ್ಟಿನಿಂದಲೇ ಶುರುಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಜೊತೆಗೆ ಒಂದು ಷರತ್ತು ಇದೆ. ಚೆಲ್ಲಿದ್ದನ್ನು ಮಾತ್ರ ತೂಗಿದರೆ ಪಾಠ ದಾರಿ ತಪ್ಪುತ್ತದೆ, ತಿಂದದ್ದನ್ನೂ ತೂಗಬೇಕು. ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಊಟವೇ ದಿನದ ಗಟ್ಟಿ ಊಟವಾಗಿರುವ ಮಕ್ಕಳಿರುತ್ತಾರೆ. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾದದ್ದೇ ಅಂಥ ಮಕ್ಕಳಿಗಾಗಿ. ಅಲ್ಲಿ ನಿಂತು 'ಕಡಿಮೆ ಹಾಕಿಸಿಕೊಳ್ಳಿ' ಎಂದು ಬೋಧಿಸುವವರು ತಾವು ಏನು ಹೇಳುತ್ತಿದ್ದೇವೆಂದು ಎರಡು ಸಲ ಯೋಚಿಸಬೇಕು.

ಮೊದಲು ಶಿಕ್ಷಕರಿಗೆ ತಿಳಿದಿರಬೇಕಾದದ್ದು

ಪಾಠ ಯೋಜನೆಗಳಲ್ಲಿ ಕಾಣುವ ಅಂಕಿಅಂಶಗಳ ಬಗ್ಗೆ ಸ್ವಲ್ಪ ಹೇಳಬೇಕು. 'ಜಗತ್ತಿನ ಆಹಾರದಲ್ಲಿ ಮೂರನೇ ಒಂದು ಭಾಗ ವ್ಯರ್ಥ' ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಕೊಟ್ಟ ಅಂದಾಜು. ಅದರಲ್ಲಿ ಹೊಲದಿಂದ ಹಿಡಿದು ತಟ್ಟೆಯವರೆಗಿನ ಎಲ್ಲವೂ ಸೇರಿತ್ತು. ಈಗ ಇವೆರಡನ್ನು ಬೇರೆ ಮಾಡಿ ಹೇಳುವುದು ರೂಢಿ. ಕಟಾವಿನ ನಂತರ ಅಂಗಡಿ ತಲುಪುವ ಮೊದಲು ಹಾಳಾಗುವುದು ಆಹಾರ ನಷ್ಟ. ಅಂಗಡಿ, ಹೋಟೆಲು, ಮನೆಗಳಲ್ಲಿ ಎಸೆಯುವುದು ಆಹಾರ ವ್ಯರ್ಥ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಹೀಗೆ ವ್ಯರ್ಥವಾದದ್ದು 105 ಕೋಟಿ ಟನ್, ಅಂದರೆ ಬಳಕೆದಾರರಿಗೆ ದೊರೆತ ಆಹಾರದ ಶೇ. 19. ಅದರಲ್ಲಿ ಸುಮಾರು ಶೇ. 60 ಮನೆಗಳದ್ದೇ. ಭಾರತದ ಮನೆಗಳಿಗೆ ಆ ವರದಿ ಕೊಡುವ ಅಂದಾಜು ತಲಾ ವರ್ಷಕ್ಕೆ 55 ಕೆ.ಜಿ. ಈ ಸಂಖ್ಯೆಯನ್ನು ಕಪ್ಪು ಹಲಗೆಯ ಮೇಲೆ ಬರೆದು 'ನಾವು ಇಷ್ಟು ಊಟ ಚೆಲ್ಲುತ್ತೇವೆ' ಎನ್ನುವವರು ಗಮನಿಸಬೇಕು: ಇದರಲ್ಲಿ ಬಾಳೆಹಣ್ಣಿನ ಸಿಪ್ಪೆ, ಮೂಳೆ, ಮೊಟ್ಟೆಯ ಚಿಪ್ಪಿನಂಥ ತಿನ್ನಲಾಗದ ಭಾಗಗಳೂ ಸೇರಿವೆ.

'ಭಾರತದಲ್ಲಿ ಬೆಳೆದದ್ದರಲ್ಲಿ ಶೇ. 40 ಹಾಳಾಗುತ್ತದೆ' ಎಂಬ ವಾಕ್ಯವನ್ನಂತೂ ದಯವಿಟ್ಟು ಬಿಡಿ. ಲೂಧಿಯಾನದ ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆ 2015ರಲ್ಲಿ ಕೊಟ್ಟ ವರದಿಯಲ್ಲಿ ಧಾನ್ಯಗಳ ನಷ್ಟ ಶೇ. 5ರಿಂದ 6ರ ಆಸುಪಾಸು, ಹಣ್ಣುಗಳಲ್ಲಿ ಅತಿ ಹೆಚ್ಚು ಎಂದರೆ ಸೀಬೆಯಲ್ಲಿ ಸುಮಾರು ಶೇ. 16. ದೊಡ್ಡ ಸಂಖ್ಯೆ ಹೇಳಿದರೆ ಮಕ್ಕಳ ಕಣ್ಣು ಅಗಲವಾಗುತ್ತದೆ, ನಿಜ. ಆದರೆ ವಿಜ್ಞಾನದ ತರಗತಿಯಲ್ಲಿ ಅದು ಸಾಲದು.

ನಷ್ಟ ಮತ್ತು ವ್ಯರ್ಥದ ವ್ಯತ್ಯಾಸ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಕೋಲಾರದ ಕಡೆಯ ಮಗುವಿಗೆ ಬೆಲೆ ಕುಸಿದಾಗ ರಸ್ತೆಬದಿಗೆ ಸುರಿದ ಟೊಮೆಟೊ ಗೊತ್ತು. ಅದು ಆ ಮಗುವಿನ ತಪ್ಪೂ ಅಲ್ಲ, ಅವರಪ್ಪನ ತಪ್ಪೂ ಅಲ್ಲ. ಯಾವುದು ತನ್ನ ಕೈಯಲ್ಲಿದೆ, ಯಾವುದು ಮಾರುಕಟ್ಟೆಯ, ಶೀತಲಗೃಹದ, ಸಾಗಣೆಯ ಪ್ರಶ್ನೆ ಎಂದು ಬೇರ್ಪಡಿಸಲು ಕಲಿಯುವುದೂ ಈ ಪಾಠದ ಭಾಗವೇ.

ಹವಾಮಾನದ ಸಂಬಂಧ ಎರಡು ಕಡೆಯಿಂದ ಬರುತ್ತದೆ. ಎಸೆದ ಆಹಾರ ಗಾಳಿಯಾಡದ ಕಸದ ರಾಶಿಯಲ್ಲಿ ಕೊಳೆತಾಗ ಮೀಥೇನ್ ಹುಟ್ಟುತ್ತದೆ ಎಂಬ ಒಂದು ಕಡೆಯನ್ನು ಪ್ರಶಿಕ್ಷಣಾರ್ಥಿಗಳು ಚೆನ್ನಾಗಿ ಹೇಳುತ್ತಾರೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಅದೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಸುಮಾರು 80 ಪಟ್ಟು ಶಾಖ ಹಿಡಿಯುತ್ತದೆ. ವಾತಾವರಣದಲ್ಲಿ ಉಳಿಯುವುದು ಸುಮಾರು ಹನ್ನೆರಡು ವರ್ಷ. ಇನ್ನೊಂದು ಕಡೆ ಬಿಟ್ಟುಹೋಗುತ್ತದೆ, ಭಾರ ಹೆಚ್ಚಿರುವುದು ಅಲ್ಲೇ. ಅನ್ನ ತಟ್ಟೆಗೆ ಬರುವ ಮೊದಲೇ ಅದರ ಹವಾಮಾನದ ಖರ್ಚು ಬಹುಪಾಲು ಆಗಿಹೋಗಿರುತ್ತದೆ. ನೀರು ನಿಂತ ಗದ್ದೆಯ ಕೆಸರಿನಲ್ಲೂ ಆಮ್ಲಜನಕ ಇಲ್ಲ. ಅಲ್ಲೂ ಅದೇ ಬಗೆಯ ಸೂಕ್ಷ್ಮಾಣುಗಳು ಮೀಥೇನ್ ಮಾಡುತ್ತವೆ. ಗೊಬ್ಬರ, ಪಂಪ್‌ಸೆಟ್, ಗಿರಣಿ, ಲಾರಿ, ಅಡುಗೆಯ ಗ್ಯಾಸ್ ಎಲ್ಲ ಇದರ ಮೇಲೆ. ಒಂದು ಕೆ.ಜಿ. ಅಕ್ಕಿಗೆ ಜಾಗತಿಕ ಸರಾಸರಿಯಲ್ಲಿ ಸುಮಾರು 4 ಕೆ.ಜಿ. ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೊರಬೀಳುತ್ತದೆ. ಮಳೆನೀರೂ ಸೇರಿ ಬೇಕಾಗುವ ನೀರು ಸುಮಾರು 2500 ಲೀಟರ್. ಇವು ಸರಾಸರಿಗಳು, ಗದ್ದೆಯಿಂದ ಗದ್ದೆಗೆ ತುಂಬ ವ್ಯತ್ಯಾಸ ಇರುತ್ತದೆ ಎಂದು ಮಕ್ಕಳಿಗೂ ಹೇಳಬೇಕು.

ಇದು ತಿಳಿದರೆ 'ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಆಯಿತಲ್ಲ' ಎಂಬ ಮಗುವಿನ ಪ್ರಶ್ನೆಗೆ ಸರಿಯಾದ ಉತ್ತರ ಸಿಗುತ್ತದೆ. ಗಾಳಿಯಾಡುವ ಗೊಬ್ಬರದ ಗುಂಡಿ ಕೊಳೆತದ ನಂತರದ ಮೀಥೇನನ್ನು ಬಹಳಷ್ಟು ತಪ್ಪಿಸುತ್ತದೆ. ಗದ್ದೆಯಲ್ಲಿ, ಒಲೆಯಲ್ಲಿ ಆಗಿಹೋದ ಖರ್ಚನ್ನು ಅದು ವಾಪಸ್ ತರುವುದಿಲ್ಲ. 'ನಮ್ಮೂರಲ್ಲಿ ವ್ಯರ್ಥವೇ ಇಲ್ಲ, ಉಳಿದದ್ದು ಕಲಗಚ್ಚಿಗೆ ಹೋಗುತ್ತದೆ' ಎಂದು ಹಳ್ಳಿಯ ಮಕ್ಕಳು ಹೆಮ್ಮೆಯಿಂದ ಹೇಳುತ್ತಾರೆ. ಅದು ಒಳ್ಳೆಯ ಪದ್ಧತಿಯೇ. ಆದರೆ ಹಬ್ಬದ ಮಾರನೆಯ ದಿನ ಹಸುವಿಗೆ ಬುಟ್ಟಿಗಟ್ಟಲೆ ಅನ್ನ ಹಾಕಿ, ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿ ಹಸು ಮಲಗಿದ ಕತೆಯೂ ಅದೇ ತರಗತಿಯ ಯಾವುದಾದರೂ ಮಗುವಿಗೆ ಗೊತ್ತಿರುತ್ತದೆ. ಕೇಳಿ ನೋಡಿ.

ಬಲೂನಿನ ಪ್ರಯೋಗದ ಬಗ್ಗೆ ಒಂದು ಎಚ್ಚರಿಕೆ. ಬಾಟಲಿಯಲ್ಲಿ ಹಳಸಿದ ಅನ್ನ ಹಾಕಿ ಬಾಯಿಗೆ ಬಲೂನು ಕಟ್ಟಿ ಎರಡು ಮೂರು ದಿನ ಬಿಟ್ಟರೆ ಬಲೂನು ಸ್ವಲ್ಪ ಉಬ್ಬುತ್ತದೆ. ಅದನ್ನು ಎತ್ತಿ ಹಿಡಿದು 'ಇದೇ ಮೀಥೇನ್' ಎಂದು ತೋರಿಸುವುದನ್ನು ನಾನು ಹಲವು ಪಾಠಗಳಲ್ಲಿ ನೋಡಿದ್ದೇನೆ. ಮೊದಲ ದಿನಗಳಲ್ಲಿ ಹುದುಗುವಿಕೆಯಿಂದ ಬರುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್. ಮೀಥೇನ್ ಮಾಡುವ ಸೂಕ್ಷ್ಮಾಣುಗಳಿಗೆ ಆಮ್ಲಜನಕ ಪೂರ್ತಿ ಇಲ್ಲದ ಜಾಗ ಬೇಕು, ವಾರಗಳ ಸಮಯ ಬೇಕು. ಹುಳಿಯಾದ ಅನ್ನದಲ್ಲಿ ಅವು ಚೆನ್ನಾಗಿ ಬೆಳೆಯುವುದೂ ಇಲ್ಲ. ಬಲೂನಿನಿಂದ 'ಕೊಳೆಯುವಾಗ ಅನಿಲ ಬರುತ್ತದೆ' ಎನ್ನುವಷ್ಟನ್ನು ತೋರಿಸಬಹುದು. ಮೀಥೇನನ್ನೇ ತೋರಿಸಬೇಕಿದ್ದರೆ ಊರಿನಲ್ಲಿ ಗೋಬರ್ ಗ್ಯಾಸ್ ಇರುವ ಮನೆಗೆ ಕರೆದುಕೊಂಡು ಹೋಗಿ. ಅಲ್ಲಿಯ ನೀಲಿ ಜ್ವಾಲೆ ಯಾವ ಚಾರ್ಟಿಗಿಂತಲೂ ಚೆನ್ನಾಗಿ ಪಾಠ ಮಾಡುತ್ತದೆ. ಬಾಟಲಿಯ ಅನಿಲಕ್ಕೆ ಬೆಂಕಿ ಹಚ್ಚುವ ಸಾಹಸ ಮಾತ್ರ ಬೇಡ.

ಬಕೆಟ್ಟು, ತಕ್ಕಡಿ, ಎರಡು ಅಂಕಣ

ಈಗ ಚಟುವಟಿಕೆಗೆ ಬರೋಣ. ಆರರಿಂದ ಎಂಟನೇ ತರಗತಿಗೆ ಇದು ಚೆನ್ನಾಗಿ ಹೊಂದುತ್ತದೆ. ಐದು 'ಇ' ಮಾದರಿಯಲ್ಲಿ ಬರೆಯುವವರು ಇದನ್ನು ಅನ್ವೇಷಣೆಯ ಹಂತದಲ್ಲಿಡಬಹುದು. ಆದರೆ ಒಂದು ಅವಧಿಯಲ್ಲಿ ಮುಗಿಸುವ ಆಸೆ ಬೇಡ. ಕನಿಷ್ಠ ಒಂದು ವಾರ ತೂಗಬೇಕು, ಯಾಕೆಂದರೆ ಸೋಮವಾರದ ಊಟವೇ ಬೇರೆ, ಗುರುವಾರದ ಊಟವೇ ಬೇರೆ.

ಮೂರು ಬಕೆಟ್ಟು ಇಡಿ. ಮೊದಲನೆಯದಕ್ಕೆ ತಿನ್ನಲಾಗದ್ದು: ಕರಿಬೇವು, ಒಣಮೆಣಸಿನಕಾಯಿ, ನುಗ್ಗೆಯ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆಯ ಚಿಪ್ಪು. ಎರಡನೆಯದಕ್ಕೆ ತಟ್ಟೆಯಲ್ಲಿ ಉಳಿದ ತಿನ್ನಬಹುದಾದದ್ದು. ಮೂರನೆಯದು ಬಡಿಸದೆ ಪಾತ್ರೆಯಲ್ಲೇ ಉಳಿದು ಕೊನೆಗೆ ಚೆಲ್ಲುವುದು. ಕರಿಬೇವನ್ನು ಯಾವುದಕ್ಕೆ ಹಾಕಬೇಕೆಂದು ಮಕ್ಕಳು ಜಗಳವಾಡುತ್ತಾರೆ, ಆಡಲಿ. ವರ್ಗೀಕರಣ ಎಂದರೆ ಅದೇ. ಎರಡನೆಯ ಮತ್ತು ಮೂರನೆಯ ಬಕೆಟ್ಟನ್ನು ಬೇರೆಬೇರೆ ತೂಗುವುದು ಮುಖ್ಯ. ತಟ್ಟೆಯಲ್ಲಿ ಉಳಿದದ್ದಕ್ಕೆ ಕಾರಣ ಮಗುವಿನ ಹತ್ತಿರ ಇರಬಹುದು. ಪಾತ್ರೆಯಲ್ಲಿ ಉಳಿದದ್ದಕ್ಕೆ ಕಾರಣ ಬಹಳ ಸಲ ಹಾಜರಾತಿಯ ಲೆಕ್ಕ. ಬೆಳಗ್ಗೆ ಅಡುಗೆಮನೆಗೆ ಹೋದ ಸಂಖ್ಯೆಗೂ ಮಧ್ಯಾಹ್ನ ಸಾಲು ನಿಂತವರ ಸಂಖ್ಯೆಗೂ ವ್ಯತ್ಯಾಸ ಇದ್ದರೆ ಅದಕ್ಕೆ ಯಾವ ಪ್ರತಿಜ್ಞೆಯೂ ಪರಿಹಾರವಲ್ಲ. ಸಂತೆಯ ದಿನ, ಜಾತ್ರೆಯ ವಾರ, ಕಟಾವಿನ ದಿನಗಳಲ್ಲಿ ಎಷ್ಟು ಮಕ್ಕಳು ಬರುತ್ತಾರೆಂದು ಅಡುಗೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಪಾಠಕ್ಕೆ ಸಂಪನ್ಮೂಲ ವ್ಯಕ್ತಿ ಬೇಕಿದ್ದರೆ ಹೊರಗೆ ಹುಡುಕಬೇಡಿ, ಅವರನ್ನೇ ಕರೆದು ಕೂರಿಸಿ.

ಒಂದು ಉದಾಹರಣೆಯ ಲೆಕ್ಕ ಮಾಡೋಣ. ಹಿರಿಯ ಪ್ರಾಥಮಿಕ ಹಂತದ 80 ಮಕ್ಕಳು ಎಂದಿಟ್ಟುಕೊಳ್ಳಿ. ನಿಯಮದಂತೆ ತಲಾ 150 ಗ್ರಾಂ ಅಕ್ಕಿ, ಅಂದರೆ 12 ಕೆ.ಜಿ. ಬೆಂದಾಗ ಅದು ಎರಡೂವರೆ ಪಟ್ಟು ಆಯಿತೆಂದರೆ 30 ಕೆ.ಜಿ. ಅನ್ನ. (ಎಷ್ಟು ಪಟ್ಟು ಎಂಬುದನ್ನು ಮಕ್ಕಳೇ ತೂಗಿ ಕಂಡುಹಿಡಿಯಲಿ, ಅಕ್ಕಿಯ ಬಗೆ ಮತ್ತು ನೀರಿನ ಮೇಲೆ ಅದು ಬದಲಾಗುತ್ತದೆ.) ಎರಡನೆಯ ಬಕೆಟ್ಟಿನಲ್ಲಿ 2 ಕೆ.ಜಿ., ಮೂರನೆಯದರಲ್ಲಿ 1 ಕೆ.ಜಿ. ಇದ್ದರೆ ಒಟ್ಟು ವ್ಯರ್ಥ 3 ಕೆ.ಜಿ., ತಿಂದದ್ದು 27 ಕೆ.ಜಿ. ಆ 3 ಕೆ.ಜಿ. ಅನ್ನ ಎಂದರೆ 1.2 ಕೆ.ಜಿ. ಅಕ್ಕಿ. ಹಿರಿಯ ಪ್ರಾಥಮಿಕ ಹಂತಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಹೇಳುವ 220 ಶಾಲಾ ದಿನಗಳಿಗೆ ಗುಣಿಸಿದರೆ 264 ಕೆ.ಜಿ. ಅಕ್ಕಿ. ಮೇಲೆ ಕೊಟ್ಟ ಸರಾಸರಿ ಹಿಡಿದರೆ ಬೆಳೆಯುವ ಖರ್ಚೇ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ಕಾರ್ಬನ್ ಡೈಆಕ್ಸೈಡ್‌ಗೆ ಸಮ, ನೀರು 6,60,000 ಲೀಟರ್. 'ಜಾಗತಿಕ ಹಸಿರುಮನೆ ಅನಿಲಗಳಲ್ಲಿ ಶೇ. 8ರಿಂದ 10 ಆಹಾರದ ನಷ್ಟ ಮತ್ತು ವ್ಯರ್ಥದಿಂದ' ಎಂಬ ವಾಕ್ಯ ಮಗುವಿಗೆ ದೂರದ್ದು. ತನ್ನ ಶಾಲೆಯ ಬಕೆಟ್ಟಿನಿಂದ ತಾನೇ ಗುಣಿಸಿ ತೆಗೆದ ಒಂದು ಟನ್ ಹತ್ತಿರದ್ದು.

ಇನ್ನು ಎರಡು ಅಂಕಣದ ವಿಷಯ. ಒಂದು ತಿಂಗಳ ನಂತರ ವ್ಯರ್ಥ 3ರಿಂದ 1 ಕೆ.ಜಿ.ಗೆ ಇಳಿಯಿತು ಎಂದಿಟ್ಟುಕೊಳ್ಳಿ. ಇದು ಎರಡು ರೀತಿಯಲ್ಲಿ ಆಗಿರಬಹುದು. ಮಾಡಿದ 30 ಕೆ.ಜಿ.ಯಲ್ಲಿ 29 ಕೆ.ಜಿ. ತಿಂದಿರಬಹುದು. ಅಥವಾ ಮಕ್ಕಳು ಕಡಿಮೆ ಹಾಕಿಸಿಕೊಳ್ಳತೊಡಗಿ, ಅಡುಗೆಯವರು 24 ಕೆ.ಜಿ. ಮಾತ್ರ ಮಾಡಿ, ತಿಂದದ್ದು 23 ಕೆ.ಜಿ. ಆಗಿರಬಹುದು. ವ್ಯರ್ಥದ ಅಂಕಣ ನೋಡಿದರೆ ಎರಡೂ ಶಾಲೆಗೆ ಒಂದೇ ಬಹುಮಾನ. ತಿಂದದ್ದರ ಅಂಕಣ ನೋಡಿದರೆ ಎರಡನೆಯ ಶಾಲೆಯಲ್ಲಿ ಪ್ರತಿ ಮಗುವಿನ ಹೊಟ್ಟೆಗೆ ಮೊದಲಿಗಿಂತ 50 ಗ್ರಾಂ ಅನ್ನ ಕಡಿಮೆ ಹೋಗಿದೆ. ಹಿರಿಯ ಪ್ರಾಥಮಿಕ ಮಗುವಿಗೆ ಈ ಊಟದಿಂದ ಸಿಗಬೇಕಾದದ್ದು 700 ಕಿಲೋಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್. ಅದರಿಂದ ಕಿತ್ತು ಹವಾಮಾನಕ್ಕೆ ಕೊಡುವ ಪಾಠವನ್ನು ನಾನು ಒಪ್ಪಲಾರೆ. ಹಾಜರಾತಿ ದಿನದಿನಕ್ಕೆ ಬದಲಾಗುವುದರಿಂದ ಎರಡೂ ಅಂಕಣಗಳನ್ನು ತಲಾ ಗ್ರಾಂಗೆ ಇಳಿಸಿ ಬರೆಯಬೇಕು. ಗಣಿತದ ಸರಾಸರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ.

ಯಾಕೆ ಉಳಿಯುತ್ತದೆ?

ತೂಕ ಸಿಕ್ಕ ಮೇಲೆ ಕಾರಣ ಕೇಳುವ ಸರದಿ. 'ಯಾರು ಚೆಲ್ಲಿದಿರಿ' ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. 'ಯಾವ ದಿನ ಹೆಚ್ಚು ಉಳಿಯಿತು, ಯಾಕಿರಬಹುದು' ಎಂದು ಕೇಳಿದರೆ ಕೈಗಳು ಏಳುತ್ತವೆ. ನಾನು ವೀಕ್ಷಿಸಿದ ತರಗತಿಗಳಲ್ಲಿ ಮಕ್ಕಳು ಕೊಟ್ಟ ಉತ್ತರಗಳು ಬಹಳ ವ್ಯಾವಹಾರಿಕವಾಗಿದ್ದವು. ಸಾರು ಖಾರ. ಅನ್ನ ಮುದ್ದೆಯಾಗಿತ್ತು. ಬಡಿಸುವವರು ಕೇಳದೆ ದೊಡ್ಡ ಸೌಟಿನಲ್ಲಿ ಹಾಕುತ್ತಾರೆ. ಊಟಕ್ಕೆ ಸಮಯ ಸಾಲದು, ಆಟಕ್ಕೆ ಓಡಬೇಕು. ಒಂದನೇ ತರಗತಿಯವರಿಗೂ ಏಳನೆಯವರಿಗೂ ಒಂದೇ ಸೌಟು. (ಕಿರಿಯರ ನಿಯಮ 100 ಗ್ರಾಂ ಅಕ್ಕಿ ಎಂಬುದನ್ನು ನೆನಪಿಡಿ.) ಮನೆಯಲ್ಲಿ ರೊಟ್ಟಿಯೋ ಮುದ್ದೆಯೋ ತಿಂದು ಬೆಳೆದವರಿಗೆ ದಿನಾ ಅನ್ನ ಸೇರುವುದಿಲ್ಲ. ಒಬ್ಬ ಹುಡುಗಿ, ಹಲ್ಲು ಬೀಳುತ್ತಿರುವ ಚಿಕ್ಕವರಿಗೆ ಗಟ್ಟಿ ಕಾಳು ಅಗಿಯಲು ಆಗುವುದಿಲ್ಲ ಎಂದಳು. ಇಷ್ಟು ಕಾರಣಗಳ ಪಟ್ಟಿಯಲ್ಲಿ ಮಗುವಿನ ಕೊಬ್ಬು ಎನ್ನಬಹುದಾದದ್ದು ಎಷ್ಟಿದೆ, ಎಣಿಸಿ.

ಪರಿಹಾರಗಳೂ ಇವುಗಳಿಂದಲೇ ಹುಟ್ಟುತ್ತವೆ. ಮೊದಲು ಅರ್ಧ ಸೌಟು, ಬೇಕೆಂದವರಿಗೆ ಎಷ್ಟು ಸಲವಾದರೂ ಮತ್ತೆ. ಎರಡನೆಯ ಸಲ ಬಡಿಸಲು ಬರುವುದು ಖಚಿತ ಎಂಬ ನಂಬಿಕೆ ಮಕ್ಕಳಿಗೆ ಬರಬೇಕು. ಅದಿಲ್ಲದಿದ್ದರೆ ಮೊದಲೇ ತುಂಬಿಸಿಕೊಳ್ಳುತ್ತಾರೆ, ಅಥವಾ ಸಂಕೋಚದ ಮಗು ಅರೆಹೊಟ್ಟೆಯಲ್ಲಿ ಏಳುತ್ತದೆ. ಹಾಜರಾತಿಯನ್ನು ತುಸು ತಡವಾಗಿ, ಸರಿಯಾಗಿ ಎಣಿಸಿ ಅಡುಗೆಮನೆಗೆ ಕಳಿಸುವುದು. ಖಾರ ಕಡಿಮೆ ಮಾಡಿ ನೋಡುವುದು. ಆಟ ಮೊದಲು, ಊಟ ಆಮೇಲೆ ಎಂದು ಒಂದು ವಾರ ಮಾಡಿ ಮತ್ತೆ ತೂಗುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ತೂಗಬೇಕು ಎಂಬಲ್ಲಿ ಪ್ರಯೋಗದ ಚರಾಂಶಗಳ ಪಾಠವೂ ಆಗಿಹೋಗುತ್ತದೆ. ಇವುಗಳಲ್ಲಿ ಕೆಲವು ಮಕ್ಕಳ ಕೈಯಲ್ಲಿಲ್ಲ. ಅವಕ್ಕೆ ಮಕ್ಕಳೇ ತಮ್ಮ ಅಂಕಿಅಂಶಗಳೊಂದಿಗೆ ಮುಖ್ಯೋಪಾಧ್ಯಾಯರಿಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ ಪತ್ರ ಬರೆಯಲಿ. ಕನ್ನಡ ವಿಧಾನದ ಪ್ರಶಿಕ್ಷಣಾರ್ಥಿ ಜೊತೆಗಿದ್ದರೆ ಮನವಿ ಪತ್ರದ ಪಾಠ ಪ್ರತ್ಯೇಕ ಬೇಕಾಗುವುದಿಲ್ಲ.

ಖಾಲಿ ತಟ್ಟೆಗೆ ನಕ್ಷತ್ರ, ವಾರದ 'ಅನ್ನಮಿತ್ರ' ಎಂಬ ಬಿರುದು, ಚೆಲ್ಲಿದವರ ಹೆಸರು ಫಲಕದ ಮೇಲೆ, ಇವು ಯಾವುವೂ ಬೇಡ. ಬಹುಮಾನ ಇಟ್ಟ ಕಡೆ ಅನ್ನ ಕಾಂಪೌಂಡಿನ ಹಿಂದೆ ಸಿಗುತ್ತದೆ, ಇಲ್ಲವೇ ಪಕ್ಕದವನ ತಟ್ಟೆಯಲ್ಲಿ. ಜ್ವರದಿಂದ ಎದ್ದು ಬಂದ ಮಗುವಿಗೆ, ಮೊಟ್ಟೆ ತಿನ್ನದ ಮಗುವಿಗೆ, ಒತ್ತಾಯಕ್ಕೆ ತಿಂದು ವಾಂತಿ ಮಾಡುವ ಮಗುವಿಗೆ ಆ ನಕ್ಷತ್ರ ಎಂದೂ ಸಿಗುವುದಿಲ್ಲ. ಊಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ, ಯಾರ ಕೈಯಿಂದ ಬಡಿಸಿದ್ದನ್ನು ಯಾರು ಬಿಡುತ್ತಾರೆ ಎಂಬ ಪ್ರಶ್ನೆ ನಮ್ಮ ಶಾಲೆಗಳಲ್ಲಿ ಇನ್ನೂ ಮುಗಿದಿಲ್ಲ. ಬಕೆಟ್ಟು ಅದನ್ನೂ ಒಮ್ಮೊಮ್ಮೆ ಹೊರಗೆ ತರುತ್ತದೆ. ಹಾಗೆ ಬಂದರೆ ಪ್ರಶಿಕ್ಷಣಾರ್ಥಿ ಒಬ್ಬರೇ ನಿಭಾಯಿಸಲು ಹೋಗದೆ ಮಾರ್ಗದರ್ಶಕ ಶಿಕ್ಷಕರಿಗೆ ಅದೇ ದಿನ ತಿಳಿಸಬೇಕು.

ಮನೆಗೆ ಕೊಡುವ ಕೆಲಸ

'ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಆಹಾರ ಎಸೆಯುತ್ತೀರಿ' ಎಂಬ ಪ್ರಶ್ನಾವಳಿ ಈ ಪಾಠದ ಮಾಮೂಲಿ ಬಾಲ. ಎಸೆಯುವಷ್ಟು ಇಲ್ಲದ ಮನೆಯ ಮಗು ಅದನ್ನು ಹೇಗೆ ತುಂಬಬೇಕು? ಪ್ರಶ್ನೆಯನ್ನು ತಿರುಗಿಸಿ ಕೇಳುವುದು ಒಳ್ಳೆಯದು: ಉಳಿದದ್ದನ್ನು ನಿಮ್ಮ ಮನೆಯಲ್ಲಿ ಹಾಳಾಗದಂತೆ ಏನು ಮಾಡುತ್ತಾರೆ, ಅಜ್ಜಿಯನ್ನು ಕೇಳಿ ಬನ್ನಿ. ಉಳಿದ ರೊಟ್ಟಿ ಒಣಗಿಸುವುದು, ತಂಗಳನ್ನಕ್ಕೆ ಮಜ್ಜಿಗೆ ಬೆರೆಸುವುದು, ಚಿತ್ರಾನ್ನ, ಸಂಡಿಗೆ, ಹಲಸಿನ ಬೀಜ, ಹೀರೆ ಸಿಪ್ಪೆಯ ಚಟ್ನಿ ಎಲ್ಲ ಬರುತ್ತವೆ. ಆಗ ತಿಳಿದವರ ಸ್ಥಾನದಲ್ಲಿ ಬಡ ಮನೆಯ ಮಗುವೂ ಕೂರುತ್ತದೆ. ಇಲ್ಲಿ ಒಂದು ಆರೋಗ್ಯದ ಮಾತು ಸೇರಿಸಿ: ಬೆಂದ ಅನ್ನವನ್ನು ಬೆಚ್ಚಗಿನ ಪಾತ್ರೆಯಲ್ಲೇ ಗಂಟೆಗಟ್ಟಲೆ ಬಿಟ್ಟರೆ ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಒಂದು ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಆದ್ದರಿಂದ ಶಾಲೆಯ ಪಾತ್ರೆಯಲ್ಲಿ ಉಳಿದದ್ದನ್ನು ಸಂಜೆ ಮನೆಗೆ ಕಟ್ಟಿಕೊಡುವ ಯೋಜನೆ, ಎಷ್ಟೇ ಕರುಣೆಯಿಂದ ಹುಟ್ಟಿದ್ದರೂ, ಬೇಡ.

ದೊಡ್ಡ ಪ್ರಮಾಣದ ವ್ಯರ್ಥ ಎಲ್ಲಿದೆ ಎಂಬುದನ್ನೂ ಮಕ್ಕಳು ತಿಳಿಯಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ನಗರದ ಕಲ್ಯಾಣಮಂಟಪಗಳನ್ನು ಅಧ್ಯಯನ ಮಾಡಿ, ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತದೆಂದು ಅಂದಾಜಿಸಿದ್ದರು. ಶಾಲೆಯ 3 ಕೆ.ಜಿ.ಯ ಪಕ್ಕದಲ್ಲಿ ಈ ಸಂಖ್ಯೆಯನ್ನು ಬರೆದಾಗ ಎಂಟನೇ ತರಗತಿಯ ಮಕ್ಕಳಿಂದ ಬರುವ ಪ್ರಶ್ನೆಗಳನ್ನು ಅಡ್ಡಿಪಡಿಸದೆ ಕೇಳಿ.

ಮೌಲ್ಯಮಾಪನಕ್ಕೆ 'ಆಹಾರ ಉಳಿಸುವ ಐದು ವಿಧಾನ ಬರೆಯಿರಿ' ಎಂಬ ಪ್ರಶ್ನೆ ಏನನ್ನೂ ಅಳೆಯುವುದಿಲ್ಲ. ವಾರದ ಕೋಷ್ಟಕ ಕೊಟ್ಟು ಯಾವ ದಿನದ ಬದಲಾವಣೆ ಒಳ್ಳೆಯದು, ಯಾವುದು ಅನುಮಾನದ್ದು ಎಂದು ಕಾರಣ ಸಹಿತ ಕೇಳಿ. ಮೇಲಿನ ಎರಡು ಶಾಲೆಗಳ ಉದಾಹರಣೆಯನ್ನೇ ಕೊಟ್ಟು, ಬಹುಮಾನ ಯಾವುದಕ್ಕೆ ಎಂದು ಕೇಳಬಹುದು. ಗೊಬ್ಬರದ ಗುಂಡಿಯಿಂದ ಯಾವ ಖರ್ಚು ತಪ್ಪುತ್ತದೆ, ಯಾವುದು ತಪ್ಪುವುದಿಲ್ಲ ಎಂದು ಚಿತ್ರ ಬರೆದು ತೋರಿಸಲಿ.

ಕೊನೆಯದಾಗಿ ಸಿದ್ಧತೆಯ ವಿಷಯ. ತಕ್ಕಡಿ ಅಡುಗೆಮನೆಯಲ್ಲಿ ಇರುತ್ತದೆ. ಅಕ್ಕಿ ತೂಗಿದ ಮೇಲೆ ಕೇಳಿ ಪಡೆಯಿರಿ. ಬಕೆಟ್ಟಿನ ಖಾಲಿ ತೂಕವನ್ನು ಅದರ ಮೇಲೆಯೇ ಬಣ್ಣದಲ್ಲಿ ಬರೆದಿಡಿ. ಮೊದಲ ಎರಡು ದಿನದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಯಾರೋ ನೋಡುತ್ತಿದ್ದಾರೆಂದು ಆ ದಿನಗಳಲ್ಲಿ ಎಲ್ಲರೂ ತಟ್ಟೆ ಖಾಲಿ ಮಾಡುತ್ತಾರೆ. ಮತ್ತೆ, ವಾರವಿಡೀ ಪ್ರಶಿಕ್ಷಣಾರ್ಥಿಯೂ ಮಕ್ಕಳ ಸಾಲಿನಲ್ಲೇ ಕೂತು ಅದೇ ಊಟ ಮಾಡಬೇಕು. ಸಾರಿನ ಖಾರ ಎಷ್ಟೆಂಬುದು ಆಗ ಕೇಳದೆಯೇ ಗೊತ್ತಾಗುತ್ತದೆ.